ಸಕಲೇಶಪುರ–ಆಲೂರು ಬೆಟ್ಟಸೀಮೆ ಮತ್ತು ಮನೆಮಂದಿಯ ಸಿನಿಮಾ

ಹಾಸನ ಜಿಲ್ಲೆಯ ಪಶ್ಚಿಮ ಅಂಚಿನಲ್ಲಿರುವ ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಬೆಟ್ಟ, ಹೊಳೆ, ಕಾಫಿ ತೋಟಗಳಿಗೂ ಕನ್ನಡದ ಸಾಂಸಾರಿಕ ಚಲನಚಿತ್ರಕ್ಕೂ ಇರುವ ನಂಟನ್ನು ಈ ಲೇಖನ ಪರಿಚಯಿಸುತ್ತದೆ. ಹಬ್ಬಕ್ಕೋ ರಜೆಗೋ ತೆರೆಗೆ ಬಂದು, ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಮನೆಮಂದಿಯೆಲ್ಲ ಒಟ್ಟಿಗೆ ಕೂತು ನೋಡುವಂಥ, ನಂಬಿಕೆ, ಪ್ರೀತಿ, ಸಂಸಾರ ಮೂರನ್ನೂ ಒಂದೇ ಕಥೆಯಲ್ಲಿ ಹೆಣೆಯುವ ಚಿತ್ರಗಳೇ ಇಲ್ಲಿನ ವಿಷಯ. ಈ ಸೀಮೆಯಲ್ಲಿ ಬಹಳಷ್ಟು ಚಿತ್ರೀಕರಣಗೊಂಡು 2006ರ ಡಿಸೆಂಬರ್ 29ರಂದು ಬಿಡುಗಡೆಯಾದ ‘ಮುಂಗಾರು ಮಳೆ’ ಇವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು. ಅದರ ಬೆನ್ನ ಹಿಂದೆ ಭಕ್ತಿಚಿತ್ರಗಳ, ಕಾದಂಬರಿ ಆಧರಿಸಿದ ಚಿತ್ರಗಳ, ಅವಕ್ಕೂ ಮೊದಲು ಗೋವಿನ ಹಾಡಿನಂಥ ಕಥನಗೀತೆಗಳ ಪರಂಪರೆಯಿದೆ. ಆ ಪರಂಪರೆಯನ್ನು ಬಿಟ್ಟು ಈ ಚಿತ್ರವನ್ನು ಬರೀ ಮಳೆ ಮತ್ತು ಹಾಡುಗಳ ಯಶಸ್ಸೆಂದು ನೋಡಿದರೆ ಅದರ ಅರ್ಧ ಕಥೆ ಮಾತ್ರ ಸಿಗುತ್ತದೆ.

ಸೀಮೆ ಮತ್ತು ಅದರ ವರ್ಷ

ಸಕಲೇಶಪುರ ಪಟ್ಟಣ ಬೆಂಗಳೂರಿನಿಂದ ಸುಮಾರು 220 ಕಿಲೋಮೀಟರ್, ಹಾಸನದಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ ಮಂಗಳೂರು ಹೆದ್ದಾರಿಯ ಮೇಲಿದೆ. ಊರು ದಾಟಿ ದೋಣಿಗಾಲ್ ಕಳೆದರೆ ಶಿರಾಡಿ ಘಾಟಿಯ ಇಳಿಜಾರು. ಧರ್ಮಸ್ಥಳಕ್ಕೂ ಕುಕ್ಕೆ ಸುಬ್ರಹ್ಮಣ್ಯಕ್ಕೂ ಹೋಗುವ ಬಸ್ಸುಗಳು ಇದೇ ದಾರಿಯಲ್ಲಿ ಇಳಿಯುತ್ತವೆ. ಆಲೂರು ಹಾಸನಕ್ಕೂ ಸಕಲೇಶಪುರಕ್ಕೂ ನಡುವೆ, ಬಯಲು ಮುಗಿದು ಮಲೆನಾಡು ಶುರುವಾಗುವ ಕಡೆ ಇದೆ. ಅಲ್ಲಿ ಭತ್ತ, ಶುಂಠಿ, ಆಲೂಗಡ್ಡೆಯ ಹೊಲಗಳ ಪಕ್ಕದಲ್ಲೇ ಕಾಫಿ, ಮೆಣಸಿನ ತೋಟಗಳು ಕಾಣಸಿಗುತ್ತವೆ. ಮೂಡಿಗೆರೆ ತಾಲ್ಲೂಕಿನ ಬಲ್ಲಾಳರಾಯನದುರ್ಗದ ಕಡೆ ಹುಟ್ಟುವ ಹೇಮಾವತಿ ಸಕಲೇಶಪುರದ ಮಧ್ಯೆ ಹರಿದು ಗೊರೂರಿನ ಕಡೆಗೆ ಸಾಗುತ್ತದೆ. ಹೊಳೆದಂಡೆಯ ಸಕಲೇಶ್ವರ ದೇವಸ್ಥಾನ, ಮೇಕನಗದ್ದೆಯ ಬೆಟ್ಟದ ಭೈರವೇಶ್ವರ, ಆಲೂರು ತಾಲ್ಲೂಕಿನ ಕೆಂಚಮ್ಮನ ಹೊಸಕೋಟೆಯ ಕೆಂಚಮ್ಮ, ಸಕಲೇಶಪುರ ಪಟ್ಟಣದ ಇಗರ್ಜಿ ಮತ್ತು ಮಸೀದಿಗಳು ಇಲ್ಲಿನ ಜನರ ನಂಬಿಕೆಯ ನೆಲೆಗಳು.

ಸಕಲೇಶಪುರ ತಾಲ್ಲೂಕಿಗೆ ಹಿಂದೆ ಮಂಜರಾಬಾದ್ ತಾಲ್ಲೂಕು ಎಂದೇ ಹೆಸರಿತ್ತು. ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ ಎಂಟು ಮೂಲೆಯ ನಕ್ಷತ್ರಾಕಾರದ ಕೋಟೆ ಆ ಹೆಸರನ್ನು ಇಂದಿಗೂ ಉಳಿಸಿಕೊಂಡಿದೆ. ಯುರೋಪಿಯನ್ನರ ಕಾಫಿ ತೋಟಗಳು ಇಲ್ಲಿ ಶುರುವಾದದ್ದು 1840ರ ದಶಕದಲ್ಲಿ. 1856ರ ಹೊತ್ತಿಗೆ ಬಂದು ಇಲ್ಲೇ ತೋಟ ಮಾಡಿದ ರಾಬರ್ಟ್ ಎಲಿಯಟ್ ಮೈಸೂರು ಸೀಮೆಯ ಚಿನ್ನ, ಬೇಟೆ ಮತ್ತು ಕಾಫಿ ಬೇಸಾಯದ ಬಗ್ಗೆ 1894ರಲ್ಲಿ ಒಂದು ಪುಸ್ತಕ ಪ್ರಕಟಿಸಿದ.

ಸಿನಿಮಾದ ಮಟ್ಟಿಗೆ ಮುಖ್ಯವಾದುದು ಈ ಸೀಮೆಯ ವರ್ಷ ಸಾಗುವ ರೀತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರು ಜನರನ್ನು ಮನೆಯೊಳಗೆ ಕೂರಿಸುತ್ತದೆ. ಹೆತ್ತೂರು, ಬಿಸಿಲೆಯ ಕಡೆ ವಾರಗಟ್ಟಲೆ ಬಿಸಿಲು ಕಾಣುವುದಿಲ್ಲ. ದೀಪಾವಳಿ ಕಳೆದ ಮೇಲೆ ಕಾಫಿ ಹಣ್ಣಾಗುತ್ತದೆ. ನವೆಂಬರ್‌ನಿಂದ ಜನವರಿವರೆಗೆ ಅರೇಬಿಕಾ, ಅದರ ಹಿಂದೆಯೇ ರೋಬಸ್ಟಾ ಕುಯ್ಲು. ಕಣದಲ್ಲಿ ಕಾಫಿ ಒಣಗುತ್ತಿರುವ ಈ ತಿಂಗಳುಗಳಲ್ಲೇ ಕೂಲಿಯವರಿಗೆ ಕೈತುಂಬ ಕೆಲಸ, ಬೆಳೆಗಾರರಿಗೆ ನಾಲ್ಕು ಕಾಸು ಕಾಣುವ ಕಾಲ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದರೆ ತೋಟವೆಲ್ಲ ಬಿಳಿ ಹೂವಿನಿಂದ ತುಂಬುತ್ತದೆ. ಅದೇ ಹೊತ್ತಿಗೆ ಹಳ್ಳಿಗಳಲ್ಲಿ ಊರದೇವರ ಸುಗ್ಗಿ ಹಬ್ಬ. ಬೆಂಗಳೂರು, ಮಂಗಳೂರಿಗೆ ಕೆಲಸಕ್ಕೆ ಹೋದವರೂ ಸುಗ್ಗಿಗೆ ಊರಿಗೆ ಬರಲೇಬೇಕು. ಹೀಗೆ ದೀಪಾವಳಿಯಿಂದ ಯುಗಾದಿಯ ಆಚೆಯವರೆಗೂ ಬಂಧುಬಳಗ ಸೇರುವ, ಜಾತ್ರೆ ನಡೆಯುವ, ಕೈಯಲ್ಲಿ ದುಡ್ಡಾಡುವ ಕಾಲ. ಸಿನಿಮಾ ನೋಡುವ ಕಾಲವೂ ಅದೇ ಆಗಿತ್ತು.

ಟೆಂಟು, ಭಕ್ತಿ, ಜಾತ್ರೆ

ಮಲೆನಾಡಿನ ಹೋಬಳಿ ಊರುಗಳಿಗೆ ಸಿನಿಮಾ ಬಂದದ್ದು ಟೂರಿಂಗ್ ಟಾಕೀಸಿನ ಮೂಲಕ. ಗಾಳಿಮಳೆಯ ತಿಂಗಳುಗಳಲ್ಲಿ ಟೆಂಟು ನಿಲ್ಲುತ್ತಿರಲಿಲ್ಲ. ಮಳೆ ಹಿಂತೆಗೆದ ಮೇಲೆ ಗದ್ದೆಬಯಲಿನಲ್ಲೋ ಸಂತೆಮಾಳದಲ್ಲೋ ಟೆಂಟು ಎದ್ದು, ಮುಂದಿನ ಮುಂಗಾರಿಗೆ ಮೊದಲು ಗಂಟುಮೂಟೆ ಕಟ್ಟುತ್ತಿತ್ತು. ನೆಲದ ಮೇಲೆ ಕೂರುವವರಿಗೆ ಒಂದು ದರ, ಬೆಂಚಿಗೆ ಒಂದು, ಕುರ್ಚಿಗೆ ಇನ್ನೊಂದು. ಮೈಕಿನಲ್ಲಿ ದೇವರ ಹಾಡು ಕೇಳಿಸಿದರೆ ಆಟ ಶುರುವಾಗುವ ಹೊತ್ತಾಯಿತೆಂದು ಸುತ್ತಲಿನ ತೋಟಗಳಿಗೆ ಗೊತ್ತಾಗುತ್ತಿತ್ತು. ಕನ್ನಡದ ಸಾಂಸಾರಿಕ ಚಿತ್ರ ತನ್ನ ಪ್ರೇಕ್ಷಕರನ್ನು ಗಳಿಸಿದ್ದು ಇಂಥ ಜಾಗಗಳಲ್ಲಿ. ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ರಾತ್ರಿ ಹೊತ್ತು ಮನೆಯಿಂದ ಹೊರಡಲು ಹಿರಿಯರ ಒಪ್ಪಿಗೆ ಬೇಕಿತ್ತು. ದೇವರ ಚಿತ್ರವಾದರೆ ಆ ಒಪ್ಪಿಗೆ ಸುಲಭವಾಗಿ ಸಿಗುತ್ತಿತ್ತು.

ಕನ್ನಡದಲ್ಲಿ ದೇವರ ಚಿತ್ರಗಳಿಗೆ ಬರವಿರಲಿಲ್ಲ. ಮೊದಲು ತಯಾರಾದ ಟಾಕಿ ‘ಭಕ್ತ ಧ್ರುವ’. ಮೊದಲು ತೆರೆಕಂಡದ್ದು 1934ರ ಮಾರ್ಚ್ 3ರಂದು ಬಿಡುಗಡೆಯಾದ ‘ಸತಿ ಸುಲೋಚನ’. ಒಂದು ಭಕ್ತನ ಕಥೆ, ಇನ್ನೊಂದು ಪತಿವ್ರತೆಯ ಕಥೆ. ಎಚ್.ಎಲ್.ಎನ್. ಸಿಂಹ ನಿರ್ದೇಶನದ ‘ಬೇಡರ ಕಣ್ಣಪ್ಪ’ (1954) ರಾಜ್‌ಕುಮಾರ್ ಅವರನ್ನು ನಾಯಕನಾಗಿ ಪರಿಚಯಿಸಿತು. ಶಿವನಿಗೆ ತನ್ನ ಕಣ್ಣನ್ನೇ ಕಿತ್ತುಕೊಟ್ಟ ಬೇಟೆಗಾರನ ಕಥೆ ಕಾಡಂಚಿನ ಜನರಿಗೆ ದೂರದ ಪುರಾಣವೆನಿಸಲಿಲ್ಲ. ‘ಮಂತ್ರಾಲಯ ಮಹಾತ್ಮೆ’ (1966), ‘ಭಕ್ತ ಕುಂಬಾರ’ (1974) ಇದೇ ದಾರಿಯಲ್ಲಿ ಬಂದವು. ಧರ್ಮಸ್ಥಳದ ದೇವರನ್ನು ಕುರಿತ ‘ಶ್ರೀ ಮಂಜುನಾಥ’ (2001) ಬಂದಾಗ ಟೆಂಟುಗಳ ಕಾಲ ಮುಗಿದಿತ್ತಾದರೂ ಮನೆಮಂದಿಯೆಲ್ಲ ಒಟ್ಟಿಗೆ ಹೋಗಿ ನೋಡುವ ರೂಢಿ ಹಾಗೇ ಇತ್ತು. ಅದರಲ್ಲಿ ಗಂಡ ದೇವರನ್ನು ನಿಂದಿಸುವವನು, ಹೆಂಡತಿ ದೇವರನ್ನು ಬಿಡದವಳು. ನಂಬಿಕೆಯ ಜಗಳವೆಲ್ಲ ಒಂದೇ ಸಂಸಾರದ ಒಳಗೆ ನಡೆಯುತ್ತದೆ. ಈ ಚಿತ್ರಗಳಲ್ಲಿ ಹೆಚ್ಚಿನವು ಭಕ್ತನ ಮನೆಯ ಕಥೆಗಳು. ಗೋರ ಕುಂಬಾರನ ತುಳಿತಕ್ಕೆ ಸಿಕ್ಕಿದ್ದು ಅವನದೇ ಮಗು ಎಂಬುದನ್ನು ನೆನೆದರೆ ಈ ಮಾತು ಮನದಟ್ಟಾಗುತ್ತದೆ.

ಕೊಟ್ಟ ಮಾತಿನ ಕಥೆಗಳು

ದೇವರು ತೆರೆಯ ಮೇಲೆ ಬಾರದ ಸಾಮಾಜಿಕ ಚಿತ್ರಗಳಲ್ಲಿ ಭಕ್ತಿಯ ಜಾಗಕ್ಕೆ ಬಂದದ್ದು ಕೊಟ್ಟ ಮಾತು. ಇದರ ಬೇರು ಗೋವಿನ ಹಾಡಿನಲ್ಲಿದೆ. ಹುಲಿಯ ಬಾಯಿಗೆ ಸಿಕ್ಕ ಪುಣ್ಯಕೋಟಿ ಕರುವಿಗೆ ಹಾಲೂಡಿಸಿ ಬರುತ್ತೇನೆಂದು ಮಾತು ಕೊಟ್ಟು ಹೋಗಿ, ತಬ್ಬಲಿಯಾಗಲಿರುವ ಕಂದನನ್ನು ಬಳಗದ ಮಡಿಲಿಗೆ ಹಾಕಿ, ಮಾತಿನಂತೆ ಮರಳಿ ಬರುತ್ತದೆ. ಕನ್ನಡ ಶಾಲೆಯಲ್ಲಿ ಓದಿದವರು ತಾಯಿಯ ಪ್ರೀತಿಯನ್ನೂ ಸತ್ಯವನ್ನೂ ಎದುರುಬದುರು ನಿಲ್ಲಿಸುವ ಈ ಕಥೆಗೆ ಎಳೆವಯಸ್ಸಿನಲ್ಲೇ ಅತ್ತವರು. ಇದೇ ಕಥೆಯ ಬೆನ್ನು ಹಿಡಿದು ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್.ಎಲ್. ಭೈರಪ್ಪ ‘ತಬ್ಬಲಿಯು ನೀನಾದೆ ಮಗನೆ’ ಕಾದಂಬರಿ ಬರೆದರು. 1977ರಲ್ಲಿ ಗಿರೀಶ ಕಾರ್ನಾಡ ಮತ್ತು ಬಿ.ವಿ. ಕಾರಂತ ಅದನ್ನು ಚಿತ್ರ ಮಾಡಿದರು. ಹಿಂದಿಯಲ್ಲಿ ಅದು ‘ಗೋಧೂಳಿ’. ಅಮೆರಿಕದಲ್ಲಿ ಓದಿ ಅಲ್ಲಿನ ಹೆಂಡತಿಯನ್ನು ಕರೆದುಕೊಂಡು ಬಂದ ಮಗ, ಹಸುವನ್ನು ತಾಯಿಯೆಂದು ನಂಬಿದ ಮನೆ ಮತ್ತು ಊರು, ಇವೆರಡರ ನಡುವೆ ಸಿಕ್ಕಿಕೊಂಡ ಸಂಸಾರ ಅದರ ವಸ್ತು. ಹಬ್ಬದ ದಿನ ನೋಡುವಂಥ ಹಗುರ ಚಿತ್ರವಲ್ಲ. ಆದರೆ ನಂಬಿಕೆ, ಪ್ರೀತಿ, ಸಂಸಾರ ಮೂರೂ ಒಂದನ್ನೊಂದು ತಾಕುವ ಜಾಗವನ್ನು ಇಷ್ಟು ನೇರವಾಗಿ ನೋಡಿದ ಕನ್ನಡ ಚಿತ್ರಗಳು ಕಡಿಮೆ.

ಜನ ಮನೆಯವರನ್ನೆಲ್ಲ ಕರೆದುಕೊಂಡು ಹೋಗಿ ನೋಡಿದ ಚಿತ್ರಗಳಲ್ಲಿ ‘ಕಸ್ತೂರಿ ನಿವಾಸ’ (1971) ಮತ್ತು ‘ಬಂಗಾರದ ಮನುಷ್ಯ’ (1972) ಇಂದಿಗೂ ಅಳತೆಗೋಲುಗಳು. ದೊರೆ–ಭಗವಾನ್ ಜೋಡಿಯ ‘ಕಸ್ತೂರಿ ನಿವಾಸ’ದ ನಾಯಕ ಬೆಂಕಿಪೊಟ್ಟಣದ ಕಾರ್ಖಾನೆಯ ಒಡೆಯ, ಕೊಟ್ಟದ್ದನ್ನು ಹಿಂದಕ್ಕೆ ಪಡೆಯದವನು. ಸಿರಿ ಕರಗಿಹೋದ ಮೇಲೂ ಮನೆಗೆ ಬಂದವಳಿಗೆ ಊಟ ಹಾಕುವುದಕ್ಕಾಗಿ ತಾನು ಸಾಕಿದ ಪಾರಿವಾಳವನ್ನೂ ಕಳೆದುಕೊಳ್ಳುತ್ತಾನೆ. ಆಕೆ ಬಂದದ್ದು ಅದೇ ಪಾರಿವಾಳವನ್ನು ಕೇಳಲು. ಟಿ.ಕೆ. ರಾಮರಾವ್ ಅವರ ಕಾದಂಬರಿ ಆಧರಿಸಿ ಸಿದ್ದಲಿಂಗಯ್ಯ ನಿರ್ದೇಶಿಸಿದ ‘ಬಂಗಾರದ ಮನುಷ್ಯ’ದ ರಾಜೀವ ಗಂಡನನ್ನು ಕಳೆದುಕೊಂಡ ಅಕ್ಕನ ಸಂಸಾರವನ್ನು ಮೇಲೆತ್ತುತ್ತಾನೆ, ಬಂಜರನ್ನು ಹಸನು ಮಾಡುತ್ತಾನೆ. ಕೊನೆಗೆ ಸಾಕಿದ ಮಕ್ಕಳಿಂದಲೇ ಶಂಕೆಯ ಮಾತು ಕೇಳಿ, ಊಟದ ಎಲೆ ಬಿಟ್ಟು ಎದ್ದು, ಊರು ತೊರೆಯುತ್ತಾನೆ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಈ ಚಿತ್ರ ಸುಮಾರು ಎರಡು ವರ್ಷ ಓಡಿತು.

ಅಮೆರಿಕದ ರಜೆಕಾಲದ ಚಿತ್ರಗಳಲ್ಲಿ ಮೇರುವೆನಿಸಿದ ಫ್ರಾಂಕ್ ಕಾಪ್ರಾನ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ (1946) ಜೊತೆಗೆ ಇವನ್ನಿಟ್ಟು ನೋಡಿದರೆ ಒಂದು ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಅಲ್ಲಿನ ನಾಯಕನೂ ಊರಿಗಾಗಿ ತನ್ನದೆಲ್ಲವನ್ನೂ ಕೊಟ್ಟವನು. ಸಾಯಹೊರಟ ಅವನನ್ನು ಕ್ರಿಸ್ಮಸ್ ಹಿಂದಿನ ರಾತ್ರಿ ದೇವದೂತ ಬಂದು ತಡೆಯುತ್ತಾನೆ. ಊರಿನವರೆಲ್ಲ ದುಡ್ಡು ತಂದು ಸುರಿಯುತ್ತಾರೆ, ಕೊಟ್ಟದ್ದು ಅವನ ಮನೆಗೇ ಮರಳಿ ಬರುತ್ತದೆ. ಬಿಡುಗಡೆಯಾದಾಗ ಹೇಳಿಕೊಳ್ಳುವಂತೆ ಓಡದ ಆ ಚಿತ್ರ, 1974ರಲ್ಲಿ ಹಕ್ಕುಸ್ವಾಮ್ಯ ನವೀಕರಣ ತಪ್ಪಿದ ಮೇಲೆ ಪ್ರತಿ ಡಿಸೆಂಬರ್‌ನಲ್ಲಿ ಟಿವಿಯಲ್ಲಿ ಮತ್ತೆ ಮತ್ತೆ ಪ್ರಸಾರವಾಗಿ ಮನೆಮನೆಯ ಚಿತ್ರವಾಯಿತು. ಕನ್ನಡದ ರಾಜೀವನನ್ನು ತಡೆಯಲು ಯಾವ ದೇವದೂತನೂ ಬರುವುದಿಲ್ಲ. ಕೊಟ್ಟವನ ಕೈ ಕೊನೆಗೂ ಖಾಲಿ. ಆದರೂ ನೋಡಿದವರು ಮನಸ್ಸು ತುಂಬಿ ಹೊರಬಂದರು. ಕನ್ನಡ ಪ್ರೇಕ್ಷಕರಿಗೆ ಹೃದಯ ತುಂಬಲು ಕಥೆ ಸುಖಾಂತವಾಗಬೇಕಿಲ್ಲ, ಒಬ್ಬನಾದರೂ ಕೊಟ್ಟ ಮಾತಿಗೆ ನಿಂತರೆ ಸಾಕು ಎಂಬುದನ್ನು ಈ ಚಿತ್ರಗಳ ಯಶಸ್ಸೇ ತೋರಿಸುತ್ತದೆ. ‘ಮುಂಗಾರು ಮಳೆ’ಯ ಕೊನೆಯನ್ನು ಅರ್ಥ ಮಾಡಿಕೊಳ್ಳಲು ಇದನ್ನು ನೆನಪಿಟ್ಟುಕೊಳ್ಳಬೇಕು.

ಕಾಫಿ ಸೀಮೆಯ ಹುಡುಗಿಯ ಕಥೆಯಾಗಿ ಪುಟ್ಟಣ್ಣ ಕಣಗಾಲರ ‘ಬೆಳ್ಳಿ ಮೋಡ’ವನ್ನೂ (1967) ಇಲ್ಲಿ ಹೇಳಬೇಕು. ತ್ರಿವೇಣಿಯವರ ಕಾದಂಬರಿ ಆಧರಿಸಿದ ಈ ಚಿತ್ರದಲ್ಲಿ ತೋಟದ ಒಡೆಯನ ಒಬ್ಬಳೇ ಮಗಳು ಇಂದಿರೆಯೊಂದಿಗೆ ಮದುವೆ ಗೊತ್ತಾಗಿದ್ದವನು, ಅವಳಿಗೆ ತಮ್ಮ ಹುಟ್ಟಿ ಆಸ್ತಿಯ ಆಸೆ ತಪ್ಪಿದ ಕೂಡಲೇ ಮಾತು ಮುರಿಯುತ್ತಾನೆ. ಆಮೇಲೆ ಅವನು ಪಶ್ಚಾತ್ತಾಪಪಟ್ಟು ಮರಳಿ ಕೇಳಿದರೂ ಇಂದಿರೆ ಒಪ್ಪುವುದಿಲ್ಲ. ಮಾತಿಗೆ ತಪ್ಪಿದವನಿಗೆ ಪ್ರೀತಿಯ ಬಾಗಿಲು ಎರಡನೇ ಸಲ ತೆರೆಯದ ಆ ಕೊನೆ 1967ಕ್ಕೆ ತುಂಬ ದಿಟ್ಟವಾದುದು.

ಹೇಮಾವತಿಯ ದಂಡೆ

ಇದೇ ಹೊಳೆಯ ಕೆಳದಂಡೆಯ ಗೊರೂರಿನವರು ಗೊರೂರು ರಾಮಸ್ವಾಮಿ ಅಯ್ಯಂಗಾರ್ (1904–1991). ಅವರ ಕಥೆಯಿಂದ ಸಿದ್ದಲಿಂಗಯ್ಯ ತೆಗೆದ ‘ಭೂತಯ್ಯನ ಮಗ ಅಯ್ಯು’ (1974) ಹಳ್ಳಿಯ ಹಗೆ ತಲೆಮಾರಿನಿಂದ ತಲೆಮಾರಿಗೆ ದಾಟುವ ರೀತಿಯನ್ನು ತೋರಿಸುತ್ತದೆ. ಊರನ್ನೇ ಹಿಂಡಿದ ಭೂತಯ್ಯ ಸತ್ತಾಗ ಹೆಣಕ್ಕೆ ಹೆಗಲು ಕೊಡುವವರಿಲ್ಲ. ಅಪ್ಪನ ಪಾಪ ಹೊತ್ತ ಮಗ ಅಯ್ಯುವಿಗೂ ಅದೇ ಊರಿನ ಗುಳ್ಳನಿಗೂ ನಡುವಿನ ಸೇಡು ಕೊನೆಗೆ ನೆರೆಯ ನೀರಿನ ನಡುವೆ ಕರಗುತ್ತದೆ. ಹೇಮಾವತಿ ಉಕ್ಕಿದಾಗ ದಂಡೆಯ ಊರುಗಳು ಜಗಳ ಮರೆತು ಒಂದಾದುದನ್ನು ಕಂಡವರಿಗೆ ಈ ಕೊನೆ ಸಿನಿಮೀಯ ಎನಿಸುವುದಿಲ್ಲ. ಲೋಕೇಶ್ ಅಯ್ಯುವಾಗಿ, ವಿಷ್ಣುವರ್ಧನ್ ಗುಳ್ಳನಾಗಿ, ಎಂ.ಪಿ. ಶಂಕರ್ ಭೂತಯ್ಯನಾಗಿ ನಟಿಸಿದ ಈ ಚಿತ್ರ ಹಗೆಯನ್ನೂ ಕ್ಷಮೆಯನ್ನೂ ಮನೆಯ ಹೊಸ್ತಿಲಿಗೆ ತಂದು ನಿಲ್ಲಿಸಿದ ರೀತಿಗೆ ಕನ್ನಡದಲ್ಲಿ ಸಾಟಿಯಿಲ್ಲ.

1908ರಲ್ಲಿ ಹಾಸನದಲ್ಲಿ ಹುಟ್ಟಿದ ರಾಜಾ ರಾವ್ ಇಂಗ್ಲಿಷಿನಲ್ಲಿ ಬರೆದ ‘ಕಾಂತಾಪುರ’ (1938) ಕಾದಂಬರಿಯ ಊರದೇವತೆಯ ಹೆಸರು ಕೆಂಚಮ್ಮ, ಊರ ಹೊಳೆಯ ಹೆಸರು ಹೇಮಾವತಿಯದೇ ಇನ್ನೊಂದು ರೂಪ. ಗಾಂಧಿಯ ಚಳವಳಿ ಆ ಊರಿಗೆ ಹರಿಕಥೆ, ಭಜನೆಗಳ ಮೂಲಕ ಬರುತ್ತದೆ. ಊರ ಪಕ್ಕದಲ್ಲಿ ಬಿಳಿಯ ದೊರೆಯ ಕಾಫಿ ತೋಟವಿದೆ. ಈ ಬೆಟ್ಟಸೀಮೆಯ ನಂಬಿಕೆಯನ್ನು ಜಗತ್ತಿನ ಓದುಗರ ಮುಂದೆ ಇಟ್ಟ ಕೃತಿ ಅದು.

1979ರ ಹೊತ್ತಿಗೆ ಗೊರೂರಿನ ಅಣೆಕಟ್ಟು ಮುಗಿದು ಹಿನ್ನೀರು ಏರಿದಾಗ ಶೆಟ್ಟಿಹಳ್ಳಿಯ ಊರು ಎದ್ದುಹೋಯಿತು. ಫ್ರೆಂಚ್ ಪಾದ್ರಿಗಳು 19ನೇ ಶತಮಾನದಲ್ಲಿ ಕಟ್ಟಿಸಿದ ರೋಸರಿ ಇಗರ್ಜಿ ಮಾತ್ರ ಅಲ್ಲೇ ಉಳಿಯಿತು. ಮಳೆಗಾಲ ಕಳೆದ ಮೇಲೆ ಕಮಾನುಗಳು ನೀರಿನಲ್ಲಿ ಅರ್ಧ ಮುಳುಗಿರುತ್ತವೆ, ಬೇಸಿಗೆಯಲ್ಲಿ ಒಣನೆಲದಲ್ಲಿ ಗೋಡೆಗಳು ನಿಲ್ಲುತ್ತವೆ. ಫೋಟೋ ತೆಗೆಯಲು ಬರುವವರಿಗೆ ಅದೊಂದು ಚೆಲುವಾದ ಪಾಳು. ಅಲ್ಲಿ ಜ್ಞಾನಸ್ನಾನ ಪಡೆದು, ಮದುವೆಯಾಗಿ, ಬೇರೆ ಊರಿಗೆ ಎದ್ದುಹೋದ ಮನೆಗಳಿಗೆ ಅದು ಅವರ ಇಗರ್ಜಿ. ಕ್ಯಾಮೆರಾ ಹಿಡಿದು ಹೋಗುವವರು ಎರಡನೆಯದನ್ನು ಮರೆಯಬಾರದು.

ಮುಂಗಾರು ಮಳೆ

‘ಮಣಿ’, ‘ರಂಗ ಎಸ್ಸೆಸ್ಸೆಲ್ಸಿ’ ಮಾಡಿದ್ದ ಯೋಗರಾಜ್ ಭಟ್ ನಿರ್ದೇಶಿಸಿ, ಇ. ಕೃಷ್ಣಪ್ಪ ನಿರ್ಮಿಸಿದ ‘ಮುಂಗಾರು ಮಳೆ’ಯ ಕಥೆ ನಡೆಯುವುದು ಮಡಿಕೇರಿಯಲ್ಲಿ. ಚಿತ್ರೀಕರಣ ನಡೆದದ್ದು ಸಕಲೇಶಪುರ, ಮಡಿಕೇರಿ, ಜೋಗದ ಸುತ್ತ. ಕಥೆ ಹೆಣೆದವರಲ್ಲಿ ಪ್ರೀತಂ ಗುಬ್ಬಿ ಒಬ್ಬರು. ಛಾಯಾಗ್ರಾಹಕ ಎಸ್. ಕೃಷ್ಣ. ಸಂಗೀತ ಅಮೆರಿಕದಲ್ಲಿ ನೆಲೆಸಿದ ಕನ್ನಡಿಗ ಮನೋಮೂರ್ತಿಯವರದು. ಅವರು ಈ ಮೊದಲು ನಾಗತಿಹಳ್ಳಿ ಚಂದ್ರಶೇಖರರ ‘ಅಮೆರಿಕಾ ಅಮೆರಿಕಾ’ಕ್ಕೆ (1997) ಸಂಗೀತ ಕೊಟ್ಟಿದ್ದರು.

ಕಥೆ ಸರಳ. ಬೆಂಗಳೂರಿನ ಮಾಲ್ ಒಂದರಲ್ಲಿ ನಂದಿನಿಯನ್ನು (ಪೂಜಾ ಗಾಂಧಿ) ಕಂಡು ಮರುಳಾದ ಪ್ರೀತಂ (ಗಣೇಶ್), ಅಮ್ಮನ ಜೊತೆ ಅಮ್ಮನ ಗೆಳತಿಯ ಮನೆಯ ಮದುವೆಗೆಂದು ಬೆಟ್ಟದ ಊರಿಗೆ ಹೋಗುತ್ತಾನೆ. ಮದುಮಗಳು ಅದೇ ನಂದಿನಿ. ಅವಳ ಅಪ್ಪ ನಿವೃತ್ತ ಕರ್ನಲ್ ಸುಬ್ಬಯ್ಯ (ಅನಂತ್ ನಾಗ್) ಕಿವಿ ಕೇಳದ, ಬೇಟೆ–ಕೋವಿಯ ಹಳೆಯ ಕಾಲದ ಮನುಷ್ಯ. ಮದುವೆಯ ಸಡಗರದ ನಡುವೆ, ಮಳೆಯಲ್ಲಿ, ದೇವದಾಸ ಎಂದು ಹೆಸರಿಟ್ಟ ಮೊಲವನ್ನು ಜೊತೆಗಿಟ್ಟುಕೊಂಡು ಪ್ರೀತಂ ನಂದಿನಿಯ ಮನಸ್ಸು ಗೆಲ್ಲುತ್ತಾನೆ. ಅವಳು ಒಪ್ಪಿದ ಮೇಲೆ ಇನ್ನು ಅಪ್ಪನಿಗೆ ಹೇಳುವುದಷ್ಟೇ ಬಾಕಿ. ಬೆಳಗಿನ ಓಟದಲ್ಲಿ ಕರ್ನಲ್ ತಾನೇ ಮಾತು ತೆಗೆಯುತ್ತಾನೆ: ತನಗೆ ಹೃದಯದ ಕಾಯಿಲೆ, ಹೆಚ್ಚು ದಿನ ಉಳಿಯಲಿಕ್ಕಿಲ್ಲ, ಮಗಳನ್ನು ಗೌತಮನಿಗೆ (ದಿಗಂತ್) ಧಾರೆಯೆರೆಯುವುದೊಂದೇ ಉಳಿದ ಆಸೆ. ಪ್ರೀತಂ ಬಾಯಿ ತೆರೆಯುವುದಿಲ್ಲ. ಮದುವೆಗೆ ಅಡ್ಡ ಬಂದವನಿಂದ ಗೌತಮನನ್ನು ತಾನೇ ಕಾಪಾಡಿ ತಂದು ಮಂಟಪಕ್ಕೆ ಕಳಿಸಿ, ತಾನು ಹೊರಟುಹೋಗುತ್ತಾನೆ. ಮೊಲ ಸಾಯುತ್ತದೆ.

ಆ ಓಟದ ದೃಶ್ಯವೇ ಚಿತ್ರದ ಹೃದಯ. ಅಲ್ಲಿಯವರೆಗೆ ಮಾತೇ ಬಂಡವಾಳವಾದ, ಒಂದು ಗಳಿಗೆ ಬಾಯಿ ಮುಚ್ಚದ ಹುಡುಗ ಅಲ್ಲಿ ಸುಮ್ಮನಾಗುತ್ತಾನೆ. ಕರ್ನಲ್ ಅವನಿಂದ ಯಾವ ಆಣೆಯನ್ನೂ ಕೇಳುವುದಿಲ್ಲ, ನಂಬಿ ಹೇಳಿಕೊಳ್ಳುತ್ತಾನೆ ಅಷ್ಟೆ. ನಂಬಿದವನಿಗೆ ದ್ರೋಹ ಮಾಡಲಾರೆ ಎಂಬ ಒಂದೇ ಕಾರಣಕ್ಕೆ ಪ್ರೀತಂ ತನ್ನ ಪ್ರೀತಿಯನ್ನು ಬಿಟ್ಟುಕೊಡುತ್ತಾನೆ. ಪುಣ್ಯಕೋಟಿ ಹುಲಿಗೆ ಕೊಟ್ಟ ಮಾತು ಬಾಯಿಬಿಟ್ಟು ಹೇಳಿದ್ದು. ಇಲ್ಲಿ ಅದು ಹೇಳದೇ ಕಟ್ಟಿಕೊಂಡ ಮಾತು. ಈ ಕೊನೆಯಲ್ಲಿ ನಂದಿನಿಯ ಇಚ್ಛೆಗೆ ಸಿಗಬೇಕಾದ ಬೆಲೆ ಸಿಗಲಿಲ್ಲ ಎಂಬ ಆಕ್ಷೇಪ ನ್ಯಾಯವಾದುದೇ. ತಾನು ಯಾರನ್ನು ಮದುವೆಯಾಗಬೇಕೆಂಬುದನ್ನು ಅಪ್ಪನೂ ಪ್ರಿಯಕರನೂ ಸೇರಿ ತೀರ್ಮಾನಿಸಿದ ಹುಡುಗಿ ಅವಳು. ‘ಬೆಳ್ಳಿ ಮೋಡ’ದ ಇಂದಿರೆಗೆ 1967ರಲ್ಲೇ ಸಿಕ್ಕ ಹಕ್ಕು 2006ರ ನಂದಿನಿಗೆ ಸಿಗದೇ ಹೋದದ್ದು ಚಿತ್ರದ ದೊಡ್ಡ ಕೊರತೆ. ಆದರೂ ಆ ಹೊತ್ತಿನ ಮಚ್ಚು–ಲಾಂಗಿನ ಚಿತ್ರಗಳಿಂದ ಬೇಸತ್ತು ಥಿಯೇಟರು ಬಿಟ್ಟಿದ್ದ ಅಮ್ಮಂದಿರು, ಅಜ್ಜಿಯರು ಮಕ್ಕಳ ಕೈ ಹಿಡಿದು ಮತ್ತೆ ಬಂದದ್ದು ಈ ಚಿತ್ರಕ್ಕೆ.

ಮಳೆಯ ವಿಷಯ ಬೇರೆಯಾಗಿಯೇ ಹೇಳಬೇಕು. ಕನ್ನಡ ಚಿತ್ರಗಳಲ್ಲಿ ಮಳೆ ಅದುವರೆಗೆ ಒಂದು ಹಾಡಿಗೋ ಒಂದು ಹೊಡೆದಾಟಕ್ಕೋ ಬಂದುಹೋಗುತ್ತಿತ್ತು. ಇಲ್ಲಿ ಅದು ಇಡೀ ಚಿತ್ರದಲ್ಲಿ ನಿಲ್ಲದೆ ಸುರಿಯುತ್ತದೆ. ಮೋಡ ಮುಚ್ಚಿದ ಬೆಳಕು, ಒದ್ದೆ ಹುಲ್ಲಿನ ಗುಡ್ಡ, ಸಿಲ್ವರ್ ಓಕ್ ಮರಗಳ ನಡುವೆ ತೇಲುವ ಮಂಜು, ಮೇಲಿನಿಂದ ಕಾಣುವ ಜೋಗದ ಧಾರೆಗಳು ಎಸ್. ಕೃಷ್ಣ ಅವರ ಕ್ಯಾಮೆರಾದಲ್ಲಿ ಪಾತ್ರಗಳೇ ಆದವು. ಬೆಟ್ಟದ ಜನ ಕಂಬಳಿಗೊಪ್ಪೆ ಹೊದ್ದು, ಇಂಬಳ ಕಿತ್ತೆಸೆಯುತ್ತ ಕಳೆಯುವ ಕಾಲವೇ ಬಯಲುಸೀಮೆಯ ಪ್ರೇಕ್ಷಕರಿಗೆ ಪ್ರೀತಿಯ ಕಾಲವಾಗಿ ಕಂಡಿತು. ಬಿಡುಗಡೆಯಾದದ್ದು ಮಾತ್ರ ಡಿಸೆಂಬರ್‌ನ ಕೊನೆಯಲ್ಲಿ, ಸಕಲೇಶಪುರದ ಕಣಗಳಲ್ಲಿ ಕಾಫಿ ಒಣಗುತ್ತಿದ್ದ, ಆಕಾಶ ತಿಳಿಯಾಗಿದ್ದ ಚಳಿಯಲ್ಲಿ. ಕ್ರಿಸ್ಮಸ್ ಮತ್ತು ಹೊಸವರ್ಷದ ರಜೆಗೆ ಬಂದ ಚಿತ್ರ ಸಂಕ್ರಾಂತಿ, ಯುಗಾದಿ ದಾಟಿ, ನಿಜವಾದ ಮುಂಗಾರು ಬಂದಾಗಲೂ ಓಡುತ್ತಲೇ ಇತ್ತು. ಬೆಂಗಳೂರಿನ ಪಿವಿಆರ್ ಮಲ್ಟಿಪ್ಲೆಕ್ಸ್‌ನಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಬಿಡದೆ ಪ್ರದರ್ಶನ ಕಂಡದ್ದು ಭಾರತದ ಮಲ್ಟಿಪ್ಲೆಕ್ಸ್‌ಗಳ ಮಟ್ಟಿಗೆ ಹೊಸ ದಾಖಲೆ. ತೆಲುಗಿನಲ್ಲಿ ‘ವಾನ’, ಬಂಗಾಳಿಯಲ್ಲಿ ‘ಪ್ರೇಮೇರ್ ಕಾಹಿನಿ’ ಎಂದು 2008ರಲ್ಲಿ ಅದು ಮರುಹುಟ್ಟು ಪಡೆಯಿತು. ಕಥೆಗಾರ, ಕವಿ ಜಯಂತ ಕಾಯ್ಕಿಣಿ ಬರೆದು ಸೋನು ನಿಗಮ್ ಹಾಡಿದ ಗೀತೆ ಕನ್ನಡ ಚಿತ್ರಗೀತೆಯ ನುಡಿಗಟ್ಟನ್ನೇ ಬದಲಿಸಿತು. ಭಾವಗೀತೆಯ ಹದದ ಸಾಹಿತ್ಯ ಆಟೋದಲ್ಲೂ ಮದುವೆಮನೆಯಲ್ಲೂ ಕೇಳಿಸತೊಡಗಿತು.

ಚಿತ್ರ ಬಂದ ಮೇಲೆ ಬೆಂಗಳೂರಿನ ಯುವಜನ ಮಳೆಗಾಲದಲ್ಲೇ ಸಕಲೇಶಪುರದ ಕಡೆ ಹೊರಡುವ ರೂಢಿ ಬಲವಾಯಿತು. ಹಳೆಯ ತೋಟದ ಮನೆಗಳು ಹೋಂಸ್ಟೇಗಳಾದವು. ಕಾಫಿ ಬೆಲೆ ಬಿದ್ದ ವರ್ಷಗಳಲ್ಲಿ ಕೆಲವು ಮನೆಗಳಿಗೆ ಈ ಆದಾಯ ಆಸರೆಯಾಯಿತು. ಸಿನಿಮಾ ಒಂದೇ ಅದಕ್ಕೆ ಕಾರಣವಲ್ಲ, ಅಗಲವಾದ ಹೆದ್ದಾರಿ ಮತ್ತು ಸಾಫ್ಟ್‌ವೇರ್ ಸಂಬಳಗಳ ಪಾಲೂ ಇದೆ.

ವರ್ಷದ ಕೊನೆಯ ವಾರ

‘ಮುಂಗಾರು ಮಳೆ’ಯ ನಂತರ ಡಿಸೆಂಬರ್‌ನ ಕೊನೆಯ ವಾರಕ್ಕೆ ಕನ್ನಡ ಚಿತ್ರೋದ್ಯಮದಲ್ಲಿ ಬೆಲೆ ಹೆಚ್ಚಿತು. ‘ಮಿಸ್ಟರ್ ಅಂಡ್ ಮಿಸೆಸ್ ರಾಮಾಚಾರಿ’ 2014ರ ಡಿಸೆಂಬರ್ 25ರಂದು ಬಂತು. ರಿಷಬ್ ಶೆಟ್ಟಿ ನಿರ್ದೇಶನದ ‘ಕಿರಿಕ್ ಪಾರ್ಟಿ’ 2016ರ ಡಿಸೆಂಬರ್ 30ರಂದು, ಮುಂಗಾರು ಮಳೆಗೆ ಹೆಚ್ಚುಕಡಿಮೆ ಹತ್ತು ವರ್ಷ ತುಂಬಿದ ದಿನ ತೆರೆಕಂಡಿತು. ಅದರ ಕಾಲೇಜು ದೃಶ್ಯಗಳು ಹಾಸನದ ಮಲೆನಾಡು ಇಂಜಿನಿಯರಿಂಗ್ ಕಾಲೇಜಿನಲ್ಲಿ ಚಿತ್ರೀಕರಣಗೊಂಡವು. ‘ಅವನೇ ಶ್ರೀಮನ್ನಾರಾಯಣ’ (2019), ‘ಕಾಟೇರ’ (2023), ‘ಮ್ಯಾಕ್ಸ್’ (2024) ಕೂಡ ಇದೇ ಹೊತ್ತಿನವು. ಇವುಗಳಲ್ಲಿ ಎಲ್ಲವೂ ಮನೆಮಂದಿಯ ಚಿತ್ರಗಳಲ್ಲ. ಆ ಜಾಗವನ್ನು ತುಂಬಿದ್ದು ಯುಗಾದಿಯ ಸುತ್ತ 2017ರ ಮಾರ್ಚ್‌ನಲ್ಲಿ ಬಂದ, ವೃದ್ಧಾಶ್ರಮದ ಹಿರಿಯರನ್ನು ಮನೆಯವರಂತೆ ಕಾಣುವ ಪುನೀತ್ ರಾಜ್‌ಕುಮಾರ್ ಅಭಿನಯದ ‘ರಾಜಕುಮಾರ’. ‘ಕಸ್ತೂರಿ ನಿವಾಸ’ದ ನೆನಪನ್ನು ಅದು ಬೇಕೆಂದೇ ಎಬ್ಬಿಸಿತು. ದಸರೆಯ ಹೊತ್ತಿಗೆ, 2022ರ ಸೆಪ್ಟೆಂಬರ್ 30ರಂದು ಬಂದ ‘ಕಾಂತಾರ’ ಘಟ್ಟದ ಕೆಳಗಿನ ದೈವದ ನಂಬಿಕೆಯನ್ನು ಎತ್ತಿಕೊಂಡಿತು. ರಾಜನೊಬ್ಬ ದೈವಕ್ಕೆ ಕೊಟ್ಟ ಮಾತನ್ನು ಮುಂದಿನ ತಲೆಮಾರು ಮುರಿಯುವುದೇ ಅದರ ಕಥೆಯ ಬೀಜ.

ಸಕಲೇಶಪುರ, ಆಲೂರಿನ ಒಳಹಳ್ಳಿಗಳವರು ಈಗ ಹೆಚ್ಚಾಗಿ ಮನೆಯಲ್ಲೇ ಸಿನಿಮಾ ನೋಡುತ್ತಾರೆ. ಟಿವಿ, ಮೊಬೈಲು ಅದಕ್ಕೆ ಕಾರಣವಾದಂತೆ ಆನೆಗಳೂ ಕಾರಣ. ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ಕಾಡಾನೆ ನಿಲ್ಲುವ ಊರುಗಳಿಂದ ಸೆಕೆಂಡ್ ಶೋಗೆ ಹೋಗಿ ಬರುವ ಮಾತೇ ಇಲ್ಲ.

ತೋಟದ ಲೈನ್ ಮನೆಗಳು

ಈ ಸೀಮೆಯನ್ನು ತೋರಿಸಿದ ಜನಪ್ರಿಯ ಚಿತ್ರಗಳು ತೋಟವನ್ನು ನೋಡಿದ್ದು ಬಂಗಲೆಯ ಜಗಲಿಯಿಂದ. ಕುಯ್ಲಿನ ಕೂಲಿ, ಕಣ, ತೂಕ, ರೈಟರ ಲೆಕ್ಕದ ಪುಸ್ತಕ, ಬಟವಾಡೆಯ ದಿನ, ಕೂಲಿಯವರ ಸಾಲುಮನೆಯಾದ ಲೈನ್ ಮನೆಯ ಒಂದೇ ಕೋಣೆಯ ಸಂಸಾರ ಅವುಗಳಲ್ಲಿ ಕಾಣಿಸಿಕೊಳ್ಳುವುದು ಅಪರೂಪ. ತೋಟದ ಒಳಗೆ ನಿಂತು ನಂಬಿಕೆ, ಪ್ರೀತಿ, ಸಂಸಾರವನ್ನು ನೋಡಿದ ಮಹತ್ವದ ಕನ್ನಡ ಚಿತ್ರ ‘ಚೋಮನ ದುಡಿ’ (1975). ಶಿವರಾಮ ಕಾರಂತರ ಕಾದಂಬರಿಯನ್ನು ಬಿ.ವಿ. ಕಾರಂತ ಚಿತ್ರವಾಗಿಸಿದರು. ಆ ವರ್ಷದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆದ ಅದರಲ್ಲಿ ಚೋಮನಾಗಿ ನಟಿಸಿದ ಎಂ.ವಿ. ವಾಸುದೇವರಾವ್ ಅವರಿಗೆ ಅತ್ಯುತ್ತಮ ನಟನ ರಾಷ್ಟ್ರಪ್ರಶಸ್ತಿ ಬಂತು.

ತುಳುನಾಡಿನ ಚೋಮನಿಗೆ ಸ್ವಂತ ತುಂಡು ಭೂಮಿ ಉಳುವ ಆಸೆ. ಜಾತಿಯ ಕಟ್ಟಳೆ ಅದಕ್ಕೆ ಬಿಡುವುದಿಲ್ಲ. ಸಾಲ ತೀರಿಸಲು ಮಕ್ಕಳು ಘಟ್ಟ ಹತ್ತಿ ಕಾಫಿ ತೋಟಕ್ಕೆ ಹೋಗುತ್ತಾರೆ. ಒಬ್ಬ ಮಗ ಜ್ವರ ಹೊತ್ತು ಬಂದು ಸಾಯುತ್ತಾನೆ. ಇನ್ನೊಬ್ಬ ಕ್ರೈಸ್ತ ಹುಡುಗಿಯನ್ನು ಪ್ರೀತಿಸಿ ಅವಳ ಮತಕ್ಕೆ ಸೇರುತ್ತಾನೆ. ಮಗಳು ಬೆಳ್ಳಿ ತೋಟದ ರೈಟರ ಕೈಗೆ ಸಿಗುತ್ತಾಳೆ. ಮತ ಬದಲಿಸಿದರೆ ಭೂಮಿ ಸಿಕ್ಕೀತೆಂದು ಹೊರಟ ಚೋಮ, ತನ್ನ ದೈವ ಪಂಜುರ್ಲಿಯನ್ನು ನೆನೆದು ಅರ್ಧ ದಾರಿಯಿಂದ ಹಿಂದಿರುಗುತ್ತಾನೆ. ಮಗನಿಗೆ ಪ್ರೀತಿ ಕೊಟ್ಟ ಮತವನ್ನು ಅಪ್ಪ ಸೇರಲಾರ. ಅವನನ್ನು ಹಿಡಿದಿಟ್ಟ ದೈವ ಅವನಿಗೆ ಭೂಮಿ ಕೊಡುವುದೂ ಇಲ್ಲ. ಭಕ್ತಿಚಿತ್ರಗಳ ಭಕ್ತನಿಗೆ ಕೊನೆಗಾದರೂ ದರ್ಶನವಾಗುತ್ತದೆ. ಚೋಮನಿಗೆ ಉಳಿಯುವುದು ದುಡಿ ಬಾರಿಸುವುದೊಂದೇ. ಕರಾವಳಿಯಿಂದ ಘಟ್ಟ ಹತ್ತಿ ಈ ಬೆಟ್ಟಗಳ ತೋಟಗಳಿಗೆ ದುಡಿಯಲು ಬಂದ ಸಾವಿರಾರು ಮನೆಗಳ ಪಾಡು ಆ ಕಥೆಯಲ್ಲಿದೆ.

ಇಂದು ಸಕಲೇಶಪುರದ ತೋಟಗಳಲ್ಲಿ ಕುಯ್ಲಿಗೆ ಅಸ್ಸಾಂ, ಬಂಗಾಳ, ಜಾರ್ಖಂಡ್ ಕಡೆಯವರೂ ಬರುತ್ತಾರೆ. ಚಾ ತೋಟಗಳ ನಾಡಿನಿಂದ ಕಾಫಿ ತೋಟಗಳ ನಾಡಿಗೆ ಬಂದ ಈ ಸಂಸಾರಗಳ ಹಬ್ಬ ಬೇರೆ, ಪ್ರಾರ್ಥನೆ ಬೇರೆ, ಮಕ್ಕಳು ಕಲಿಯುತ್ತಿರುವುದು ಇಲ್ಲಿನ ಸರ್ಕಾರಿ ಶಾಲೆಯ ಕನ್ನಡ. ಕನ್ನಡದ ಸಾಂಸಾರಿಕ ಚಿತ್ರಕ್ಕೆ ಈ ಬೆಟ್ಟಗಳಲ್ಲಿ ಹೊಸ ಕಥೆ ಬೇಕಿದ್ದರೆ ಅದನ್ನು ಹುಡುಕಬೇಕಾದುದು ಈ ಲೈನ್ ಮನೆಗಳಲ್ಲಿ.